ಕಂಬಳಿಯ ಕೆಳಗಿನ ಮನುಷ್ಯ

ಡನ್ ಲಿಯರಿಯ ಆ ಮನೆಗೆ ನಾವು ಹೋದದ್ದು ಇಷ್ಟಪಟ್ಟಲ್ಲ. ನಾನು ಡಬ್ಲಿನ್ನಿನ ಉತ್ತರಕ್ಕಿರುವ ಬ್ಯೂಮಾಂಟಿನ ಆಸ್ಪತ್ರೆಯಲ್ಲಿ ನರ್ಸು. ಆ ಮನೆಯಿದ್ದದ್ದು ದಕ್ಷಿಣದ ಬಂದರಿನ ಬದಿಯಲ್ಲಿ. ಟ್ರೈನು ಹಿಡಿದು ನಗರಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿ ವಾರ್ಡು ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತಿತ್ತು. ಆದರೆ ಮೊದಲಿದ್ದ ಮನೆಯನ್ನು ಮಾಲೀಕರು ಮಾರಲು ಹೊರಟು ನಮಗೆ ನೋಟಿಸ್ ಕೊಟ್ಟಿದ್ದರು. ನಾಲ್ಕು ತಿಂಗಳು ಹುಡುಕಿದೆವು. ಯಾವ ಮನೆ ನೋಡಲು ಹೋದರೂ ನಮಗಿಂತ ಮೊದಲೇ ಬಾಗಿಲ ಮುಂದೆ ಉದ್ದ ಸಾಲು ನಿಂತಿರುತ್ತಿತ್ತು. ಕೊನೆಗೆ ನಮ್ಮ ವಾರ್ಡಿನ ಫಿಸಿಯೋಥೆರಪಿಸ್ಟ್ ಒಬ್ಬರು, ತಮ್ಮ ತಾಯಿಯ ಗೆಳತಿಯ ಮನೆಯಲ್ಲಿ ಮೇಲಿನ ಮಹಡಿ ಖಾಲಿ ಇದೆ, ಹೋಗಿ ಕೇಳಿ ನೋಡಿ ಎಂದರು.

ಆ ಗೆಳತಿಗೆ ಆಗ ಎಂಬತ್ತು ದಾಟಿತ್ತು. ಹುಡುಗಿಯರ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನೇರ ಬೆನ್ನು, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು, ಕಾರ್ಡಿಗನ್ನಿನ ತೋಳಿನೊಳಗೆ ಸದಾ ತುರುಕಿಕೊಂಡ ಒಂದು ಟಿಶ್ಯೂ. ಅವರು ನಮ್ಮ ಕೆಲಸವನ್ನಾಗಲಿ ಊರನ್ನಾಗಲಿ ಕೇಳಲಿಲ್ಲ. ಆಗ ಏಳು ವರ್ಷದವಳಾಗಿದ್ದ ನನ್ನ ಮಗಳನ್ನು ನೋಡಿ, ಮೆಟ್ಟಿಲ ಮೇಲೆ ಓಡುತ್ತೀಯಾ ಎಂದು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ, ಓಡುತ್ತೇನೆ ಎಂದಳು. ಓಡು, ಆದರೆ ಗೋಡೆಯ ಚಿತ್ರಗಳಿಗೆ ತಾಗಬೇಡ ಎಂದರು. ಶರತ್ತು ಅಂತ ಇದ್ದದ್ದು ಅದೊಂದೇ. ನಮ್ಮೊಳಗೆ ನಾವು ಅವರನ್ನು ‘ಕೆಳಗಿನಜ್ಜಿ’ ಎಂದು ಕರೆಯತೊಡಗಿದೆವು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನಗೆ ನೆನಪಿರುವ ಹಾಗೆ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚಿತ್ರಗಳು ಏಳಿದ್ದವು. ಕೆಳಗಿನ ಬಾಗಿಲಿನಿಂದ ನಮ್ಮ ಮಹಡಿಯವರೆಗೆ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಏರುತ್ತ ಹೋಗಿದ್ದವು. ಎಲ್ಲವೂ ಅಮೆರಿಕದ ಯಾವುದೋ ವಾರಪತ್ರಿಕೆಯ ಬಣ್ಣದ ಪುಟಗಳು, ನೂರಿಪ್ಪತ್ತು ವರ್ಷಕ್ಕೂ ಹಳೆಯವು. ಅಲ್ಲಿನ ಅಧ್ಯಕ್ಷ ಚುನಾವಣೆಯ ಕಾಲದ ವ್ಯಂಗ್ಯಚಿತ್ರಗಳು. ಒಂದರಲ್ಲಿ ಇಬ್ಬರು ಎದುರಾಳಿಗಳು ಸಂತೆಯಲ್ಲಿ ಅಕ್ಕಪಕ್ಕ ಅಂಗಡಿ ಹಾಕಿದ ಹಲ್ಲು ಕೀಳುವವರು; ಎದುರಿಗೆ ಕೆನ್ನೆ ಹಿಡಿದುಕೊಂಡು ನಿಂತ ಮತದಾರ. ಇನ್ನೊಂದರಲ್ಲಿ ದ್ವೀಪಗಳನ್ನು ನುಂಗಿ ನುಂಗಿ ಹಾರಲಾರದಷ್ಟು ದಪ್ಪಗಾದ, ಅಮೆರಿಕದ ಗುರುತಾದ ಹದ್ದು. ಒಬ್ಬ ಅಭ್ಯರ್ಥಿ ಚಮಚದಲ್ಲಿ ಅದಕ್ಕೆ ಮತ್ತಷ್ಟು ತಿನ್ನಿಸುತ್ತಿದ್ದಾನೆ, ಇನ್ನೊಬ್ಬ ಅದರ ಸೊಂಟಕ್ಕೆ ಅಳತೆಯ ಟೇಪು ಸುತ್ತಲು ಪರದಾಡುತ್ತಿದ್ದಾನೆ.

ಮೊದಲ ವಾರವೇ ಅಜ್ಜಿ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಎಲ್ಲದರ ಕತೆ ಹೇಳಿದರು. ಅವರ ಅಜ್ಜನ ತಮ್ಮ ಒಬ್ಬ ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದನಂತೆ. ಅಲ್ಲಿ ಬಣ್ಣದ ಚಿತ್ರ ಮುದ್ರಿಸುವ ಪ್ರೆಸ್ಸಿನಲ್ಲಿ ಅವನಿಗೆ ಕೆಲಸ. ಚಿತ್ರ ಬರೆಯುವವನಲ್ಲ, ಆಗ ಚಿತ್ರವನ್ನು ಕಲ್ಲಿನ ಹಲಗೆಯ ಮೇಲೆ ಬರೆದು ಅಚ್ಚು ಹಾಕುತ್ತಿದ್ದರು, ಆ ಕಲ್ಲನ್ನು ಉಜ್ಜಿ ನುಣುಪು ಮಾಡುವವನು, ಬಣ್ಣ ಹಚ್ಚುವವನು. ಚುನಾವಣೆ ಬಂದಾಗಲೆಲ್ಲ ಒಳ್ಳೆಯ ಪುಟಗಳನ್ನು ಸುರುಳಿ ಸುತ್ತಿ ಊರಿಗೆ ಕಳಿಸುತ್ತಿದ್ದ. ಅವನು ಮರಳಿ ಬರಲಿಲ್ಲ, ಪುಟಗಳು ಉಳಿದವು. ಅಜ್ಜಿಯ ತಂದೆ ಅವಕ್ಕೆ ಕಟ್ಟು ಹಾಕಿಸಿದರು.

ಏಳನೆಯ ಚಿತ್ರ ನಮ್ಮ ಬಾಗಿಲಿನ ಪಕ್ಕದಲ್ಲೇ ಇತ್ತು. ಅಜ್ಜಿಗೆ ಅದೇ ಎಲ್ಲಕ್ಕಿಂತ ಹೆಚ್ಚು. ಒಂದು ಮಂಚ. ಮಂಚದ ಆಚೆ ಈಚೆ ನಿಂತ ಇಬ್ಬರು ಅಭ್ಯರ್ಥಿಗಳು ಒಂದೇ ಕಂಬಳಿಯ ಎರಡು ತುದಿ ಹಿಡಿದು ಎಳೆಯುತ್ತಿದ್ದಾರೆ. ನಡುವೆ ಮಲಗಿದವನು, ಯುದ್ಧದಲ್ಲಿ ಅಮೆರಿಕಕ್ಕೆ ಹೊಸತಾಗಿ ಕೈವಶವಾದ ದ್ವೀಪವೊಂದರ ಮನುಷ್ಯ, ಚಳಿಗೆ ಮುದುಡಿಕೊಂಡಿದ್ದಾನೆ. ಕಂಬಳಿಯ ಮೇಲೆ ‘ನಾಗರಿಕತೆ’ ಎಂದು ಬರೆದಿತ್ತು. ನೋಡು, ಸಾಮ್ರಾಜ್ಯ ಕಟ್ಟಲು ಹೊರಟವರನ್ನು ಎಷ್ಟು ಚೆನ್ನಾಗಿ ಬೈದಿದ್ದಾನೆ, ಇಬ್ಬರೂ ಅವನ ಒಳ್ಳೆಯದಕ್ಕೇ ಎನ್ನುತ್ತಾರೆ, ಅವನನ್ನು ಕೇಳುವವರೇ ಇಲ್ಲ ಎಂದರು ಅಜ್ಜಿ.

ಅವರು ಹೇಳಿದ್ದು ಸರಿಯೇ. ಆದರೆ ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಅಭ್ಯರ್ಥಿಗಳಿಬ್ಬರಿಗೂ ಮುಖವಿತ್ತು, ಮೂಗಿತ್ತು, ಹುಬ್ಬಿತ್ತು. ಮಲಗಿದವನಿಗೆ ಅದು ಯಾವುದೂ ಇರಲಿಲ್ಲ. ಇದ್ದಿಲಿನಂಥ ಮೈ, ಮುಖದ ಅರ್ಧ ತುಂಬಿದ ಕೆಂಪು ತುಟಿ, ಗುಡ್ಡೆ ಹೊರಬಂದ ಕಣ್ಣು, ಕೋತಿಯ ಹಾಗೆ ಮಡಚಿದ ಕಾಲು.  ಆದರೂ ತುಂಬ ಚೆನ್ನಾಗಿದೆ ಎಂದೆ.

ಸಂಜೆ ಗಂಡನಿಗೆ ಹೇಳಿದೆ. ಅವನು ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಜಗಳವೆಂದರೆ ಊಟ ಬಿಟ್ಟು ಓಡುವ ಜಾತಿ. ಹೊರಗೆ ಹೋಗಿ ಚಿತ್ರ ನೋಡಿ ಬಂದ.

“ಚೆನ್ನಾಗಿಲ್ಲ, ನಿಜ,” ಎಂದ. “ಆದ್ರೆ ಮನೆ ಸಿಕ್ಕಿರೋದು ನಿನ್ನೆ ಮೊನ್ನೆ ಕಣೆ. ಈಗ್ಲೇ ಏನೂ ಹೇಳ್ಬೇಡ.”

ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಕೊನೆಯ ನಾಲ್ಕು ಮೆಟ್ಟಿಲಿಗೆ ಗೋಡೆ ಬಿಟ್ಟು ಆಚೆ ಬದಿಯ ಕೈಹಿಡಿ ಕಂಬಿಯ ಕಡೆ ನೋಡುವುದು ಅಭ್ಯಾಸವಾಯಿತು. ಎರಡು ವರ್ಷ ಹಾಗೇ ಹೋಯಿತು.

ಆ ಎರಡು ವರ್ಷದಲ್ಲಿ ಅಜ್ಜಿ ನಮಗೆ ಬಹಳ ಆಗಿಬಂದಿದ್ದರು, ಅದನ್ನೂ ಹೇಳಬೇಕು. ನನಗೆ ಹನ್ನೆರಡು ಗಂಟೆಯ ಲಾಂಗ್ ಡೇ ಶಿಫ್ಟ್ ಇದ್ದಾಗ ಮಗಳು ಶಾಲೆಯಿಂದ ನೇರ ಅವರ ಅಡುಗೆಮನೆಗೆ ಹೋಗುತ್ತಿದ್ದಳು. ಅವರು ಅವಳಿಗೆ ಬೆಣ್ಣೆ ಹಚ್ಚಿದ ಬ್ರೆಡ್ಡು ಕೊಡುತ್ತಿದ್ದರು, ಐರಿಷ್ ಭಾಷೆಯ ಹೋಮ್‌ವರ್ಕ್ ಮಾಡಿಸುತ್ತಿದ್ದರು. ಒಮ್ಮೆ ನನಗೆ ಬೆನ್ನು ಹಿಡಿದುಕೊಂಡು ನಾಲ್ಕು ದಿನ ಮಲಗಿದ್ದಾಗ ದಿನಾ ಸೂಪು ಮೇಲೆ ತಂದುಕೊಟ್ಟರು, ಅಷ್ಟು ಮೆಟ್ಟಿಲು ಹತ್ತಿ. ನಾನು ಅವರಿಗೆ ನೀರುದೋಸೆ ಮಾಡಿಕೊಡುತ್ತಿದ್ದೆ. ಅವರು ಅದಕ್ಕೆ ಕಿತ್ತಳೆ ಹಣ್ಣಿನ ಮಾರ್ಮಲೇಡ್ ಸವರಿಕೊಂಡು ತಿನ್ನುವುದನ್ನು ನೋಡಿದರೆ ನನ್ನ ಗಂಡ ಬೇರೆ ಕಡೆ ತಿರುಗುತ್ತಿದ್ದ.

ಆಮೇಲೆ ಒಂದು ಶರತ್ಕಾಲದಲ್ಲಿ ಇಲ್ಲಿಯ ಅಧ್ಯಕ್ಷ ಚುನಾವಣೆ ಬಂತು. ಅದರ ಹಿಂದಿನ ವರ್ಷ ನಮಗೆ ಇಲ್ಲಿಯ ಪೌರತ್ವ ಸಿಕ್ಕಿತ್ತು. ಪೌರರಲ್ಲದವರು ಅಧ್ಯಕ್ಷರಿಗೆ ವೋಟು ಹಾಕುವ ಹಾಗಿಲ್ಲ, ಹಾಗಾಗಿ ನನಗೆ ಇದೇ ಮೊದಲು. ದೀಪದ ಕಂಬಗಳ ಮೇಲೆಲ್ಲ ನಗುವ ಮುಖಗಳು ಏರಿದವು. ಮಳೆಗಾಳಿಗೆ ಕೆಲವು ತಿರುಗಿ ಗೋಡೆ ನೋಡುತ್ತ ನಿಂತವು. ಮಗಳ ತರಗತಿಯಲ್ಲಿ ಟೀಚರು, ಚುನಾವಣೆಯ ಬಗ್ಗೆ ಎಲ್ಲರೂ ಒಂದೊಂದು ಕಾರ್ಟೂನು ಬರೆದು ತನ್ನಿ ಎಂದು ಹೇಳಿದ್ದರು.

ಅಜ್ಜಿಗೆ ಇದಕ್ಕಿಂತ ಸಂತೋಷ ಬೇರೆ ಇರಲಿಲ್ಲ. ವಾರವಿಡೀ ಸಂಜೆ ಅವರ ಅಡುಗೆಮನೆಯ ಮೇಜಿನ ಮೇಲೆ ಪಾಠ ನಡೆಯಿತು. ಕಂಬದ ಮುಖಗಳನ್ನು ನೋಡಿಬರಲು ಇಬ್ಬರೂ ಮಳೆಯಲ್ಲೇ ಹೋಗುತ್ತಿದ್ದರು. ಒಬ್ಬರ ಹುಬ್ಬನ್ನು ಹಿಡಿ, ಇನ್ನೊಬ್ಬರ ಗಲ್ಲವನ್ನು ಹಿಡಿ, ಉಳಿದದ್ದು ತಾನಾಗಿ ಬರುತ್ತದೆ ಎಂದು ಅಜ್ಜಿ ಕಲಿಸಿದ್ದರು. ನಾನು ಡ್ಯೂಟಿ ಮುಗಿಸಿ ಬರುವಾಗ ಮೆಟ್ಟಿಲ ಬುಡದಲ್ಲಿ ಇಬ್ಬರ ನಗು ಕೇಳಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಮಗಳು ಚಿತ್ರ ಮುಗಿಸಿ ನನ್ನ ಮುಂದೆ ಇಟ್ಟಳು. ಇಬ್ಬರು ಅಭ್ಯರ್ಥಿಗಳು ಕಂಬಳಿ ಎಳೆಯುತ್ತಿದ್ದರು. ಹುಬ್ಬು, ಗಲ್ಲ ಎರಡೂ ಹದವಾಗಿ ಬಂದಿದ್ದವು; ನೋಡಿದ ತಕ್ಷಣ ನಗು ಬಂತು. ಕಂಬಳಿಯ ಮೇಲೆ ‘ಮನೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ಕೆಳಗೆ ಮೂರು ಜನ ಮಲಗಿದ್ದರು. ಇದ್ದಿಲು ಮೈ, ದಪ್ಪ ಕೆಂಪು ತುಟಿ, ಗುಡ್ಡೆ ಕಣ್ಣು. ಮೂವರೂ ಒಂದೇ ತರ.

ಇವರು ಯಾರು ಎಂದು ಕೇಳಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ, ಪಕ್ಕಾ ಡಬ್ಲಿನ್ ಧಾಟಿಯಲ್ಲಿ.

“ದಟ್ಸ್ ಅಸ್, ಅಮ್ಮಾ,” ಎಂದಳು. “ನಮಗೆ ಮನೆ ಸಿಗದೇ ಇದ್ದಾಗ” ಎಂದು ಬಿಡಿಸಿ ಹೇಳಿದಳು, ನನಗೆ ಅರ್ಥವಾಗಲಿಲ್ಲವೇನೋ ಎಂದು.

ಅವಳ ದನಿಯಲ್ಲಿ ನೋವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು. ಅಭ್ಯರ್ಥಿಗಳ ಮುಖವನ್ನು ನೋಡಿ ಬರೆಯಬೇಕು, ನಮ್ಮದನ್ನು ಹೀಗೆ ಬರೆದರಾಯಿತು ಎಂದು ಅವಳು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿಯುತ್ತ ಕಲಿತಿದ್ದಳು. ಎರಡು ವರ್ಷ ನಾನು ಕಂಬಿಯ ಕಡೆ ನೋಡುತ್ತಿದ್ದೆ, ಅವಳು ಗೋಡೆಯ ಕಡೆ ನೋಡುತ್ತಿದ್ದಳು.

ಗಂಡ ತಡೆಯಲು ನೋಡಿದ. ಚುನಾವಣೆ ಮುಗಿಯಲಿ, ಆಮೇಲೆ ಸಮಾಧಾನವಾಗಿ ಹೇಳಿದರಾಯಿತು ಎಂದ. ಅವನ ಭಯ ನನಗೂ ಗೊತ್ತಿತ್ತು: ಈ ಮನೆ ಹೋದರೆ ಮತ್ತೆ ಆ ಸಾಲು. ಆದರೂ ಆ ಮಧ್ಯಾಹ್ನವೇ ಕೆಳಗೆ ಹೋದೆ. ರೋಗಿಯ ಮನೆಯವರಿಗೆ ಕಷ್ಟದ ಸುದ್ದಿ ಹೇಳುವಾಗ ಮೊದಲು ಕೂತುಕೊಳ್ಳಬೇಕು, ಸುತ್ತಿ ಬಳಸಬಾರದು ಎಂದು ನಮಗೆ ಕಲಿಸಿರುತ್ತಾರೆ. ಹಾಗೇ ಕೂತು, ಮೇಲಿನ ಬಾಗಿಲ ಹತ್ತಿರದ ಚಿತ್ರವನ್ನು ತೆಗೆಯಬೇಕು ಅಂತ ನನ್ನ ಕೋರಿಕೆ ಎಂದೆ. ಮಗಳ ಚಿತ್ರವನ್ನು ಮೇಜಿನ ಮೇಲೆ ಬಿಡಿಸಿ, ನಡುವಿನ ಮೂವರ ಮೇಲೆ ಬೆರಳಿಟ್ಟೆ.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಹುಬ್ಬು ಚೆನ್ನಾಗಿ ಬಂದಿದೆ ಎನ್ನಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ಕುತ್ತಿಗೆಯಿಂದ ಮೇಲಕ್ಕೆ ಕೆಂಪು ಏರಿತು. ಆ ಚಿತ್ರ ನಿಮ್ಮ ಪರವಾಗಿದೆ, ಅದು ನಿನಗೆ ತಿಳಿಯಲಿಲ್ಲವೇ ಎಂದರು. ಅದನ್ನು ಬರೆದವನು ಸಾಮ್ರಾಜ್ಯಕ್ಕೆ ವಿರುದ್ಧವಾಗಿದ್ದ. ಐರ್ಲೆಂಡೂ ಬ್ರಿಟಿಷರ ಕೈಯಲ್ಲಿದ್ದ ಆ ಕಾಲದಲ್ಲಿ, ನ್ಯೂಯಾರ್ಕಿಗೆ ಹೋದ ತಮ್ಮ ಮನೆಯ ಹುಡುಗ ಅಷ್ಟು ಪುಟಗಳಲ್ಲಿ ಅದನ್ನೇ ಆರಿಸಿ ಕಳಿಸಿದ್ದು ಆ ಮನುಷ್ಯನ ಕಷ್ಟ ತನ್ನ ಕಷ್ಟ ಎನ್ನಿಸಿದ್ದಕ್ಕೆ. ಎಷ್ಟೋ ಹುಡುಗಿಯರಿಗೆ ಅದನ್ನು ತೋರಿಸಿ ಪಾಠ ಮಾಡಿದ್ದೇನೆ, ಒಬ್ಬರೂ ಹೀಗೆ ಹೇಳಿರಲಿಲ್ಲ ಎಂದರು.

“ನಮ್ಮ ಪರ ಇರೋರು ನಮ್ಮನ್ನ ಹೀಗ್ಯಾಕೆ ಬರೆದ್ರು?” ಎಂದು ಕೇಳಿದೆ.

ಅವರು ಎದ್ದರು. ಕೆಟಲ್ಲಿಗೆ ನೀರು ತುಂಬಿದರು, ಸ್ವಿಚ್ಚು ಹಾಕಲಿಲ್ಲ. ನಾನು ಚಿತ್ರ ಎತ್ತಿಕೊಂಡು ಮೇಲೆ ಬಂದೆ.

ಮೂರು ದಿನ ಮಾತಿಲ್ಲ. ಸೋಮವಾರ ಮಗಳು ಶಾಲೆ ಬಿಟ್ಟು ಬಂದಾಗ ಅಜ್ಜಿ ಬ್ರೆಡ್ಡು ಬೆಣ್ಣೆ ಕೊಟ್ಟರಂತೆ, ಆದರೆ ರೇಡಿಯೋ ಹಾಕಿಕೊಂಡು ಕಿಟಕಿಯ ಹತ್ತಿರ ಕೂತುಬಿಟ್ಟರಂತೆ. ಬೆಳಿಗ್ಗೆ ಅವರು ಬಂದರಿನ ಗೋಡೆಯ ಮೇಲೆ ನಡೆಯಲು ಹೊರಡುವಾಗ ನನ್ನ ಟ್ರೈನಿನ ಹೊತ್ತಿಗೆ ಗೇಟಿನವರೆಗೆ ಜೊತೆಗೆ ಬರುವುದಿತ್ತು, ಅದನ್ನೂ ಬಿಟ್ಟರು. ಗಂಡ ಲ್ಯಾಪ್‌ಟಾಪಿನಲ್ಲಿ ಬಾಡಿಗೆ ಮನೆಗಳನ್ನು ನೋಡುತ್ತಿದ್ದ. ನಾನು ಹಿಂದೆ ನಿಂತರೆ ಆಫೀಸಿನ ಪುಟ ತೆರೆಯುತ್ತಿದ್ದ. ನನಗೆ ಒಂದು ಗಳಿಗೆ ಹೇಳಿದ್ದೇ ಸರಿ ಅನ್ನಿಸಿದರೆ, ಮರುಗಳಿಗೆ ಎಂಬತ್ತು ದಾಟಿದ ಮುದುಕಿಯ ಮನಸ್ಸು ನೋಯಿಸಿದೆ ಅನ್ನಿಸುತ್ತಿತ್ತು. ಮಗಳಿಗೆ ಮಾತ್ರ ಏನೂ ಹೇಳಲು ಆಗಲಿಲ್ಲ. ಆ ಚಿತ್ರವನ್ನು ಸೋಮವಾರ ಶಾಲೆಗೆ ಕೊಡಬೇಡ, ಇನ್ನೂ ಸ್ವಲ್ಪ ತಿದ್ದೋಣ ಎಂದಿದ್ದೆ. ಯಾಕೆ ಎಂದು ಕೇಳಿದ್ದಳು. 

ಮಂಗಳವಾರ ನನಗೆ ರಜೆ. ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಜ್ಜಿ; ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕೆಳಗೆ ಬಾ, ಒಂದು ತೋರಿಸುವುದಿದೆ ಎಂದರು.

ಅವರ ಮುಂದಿನ ಕೋಣೆಯ ಮೇಜಿನ ಮೇಲೆ ರಟ್ಟಿನ ದೊಡ್ಡ ಫೋಲ್ಡರ್ ಇತ್ತು, ಸುತ್ತ ಕಟ್ಟಿದ್ದ ಲಾಡಿ ಬಿಚ್ಚಿತ್ತು. ಒಳಗೆ ಅದೇ ವಾರಪತ್ರಿಕೆಯ ಇನ್ನೊಂದು ಪುಟ. ಕಟ್ಟು ಹಾಕಿಸದ್ದು, ಮಡಿಕೆಯ ಗೆರೆಗಳಲ್ಲಿ ಹರಿದದ್ದು. ಇದೂ ಚುನಾವಣೆಯದ್ದೇ. ಶ್ರೀಮಂತರ ಅಡುಗೆಮನೆ, ಇಬ್ಬರು ಅಭ್ಯರ್ಥಿಗಳು ಕೈಯಲ್ಲಿ ಹೂಗುಚ್ಛ ಹಿಡಿದು, ಅಲ್ಲಿ ಕೆಲಸಕ್ಕಿರುವ ಒಬ್ಬ ಐರಿಷ್ ಗಂಡಸಿನ ಮುಂದೆ ಮಂಡಿಯೂರಿ ವೋಟು ಕೇಳುತ್ತಿದ್ದಾರೆ; ಅವನ ಪಕ್ಕದಲ್ಲಿ ಅಡುಗೆ ಕೆಲಸದ ಐರಿಷ್ ಹೆಂಗಸು. ಆ ಇಬ್ಬರು ಐರಿಷರಿಗೆ ಮುಂದೆ ಚಾಚಿದ ದವಡೆ, ಗಿಡ್ಡ ಮೂಗು, ಮೊಣಕಾಲಿನವರೆಗೆ ಇಳಿದ ಕೈ, ಅವನ ಬಾಯಲ್ಲಿ ಪೈಪು, ಸುತ್ತ ಒಡೆದ ಪಿಂಗಾಣಿ. ಹ್ಯಾಟು ಹಾಕಿದ ಕೋತಿ, ಏಪ್ರನ್ ಕಟ್ಟಿದ ಕೋತಿ.

ನಾನು ಅಜ್ಜಿಯ ಮುಖ ನೋಡಿದೆ. ಅವರು ಚಿತ್ರದ ಕಡೆ ನೋಡದೆ ಮಾತಾಡಿದರು. ತಂದೆ ಇದನ್ನು ಬೀರುವಿನ ಮೇಲೆ ಅಡಗಿಸಿಟ್ಟಿದ್ದರಂತೆ. ತಾವು ಹನ್ನೆರಡು ವರ್ಷದವರಿದ್ದಾಗ ಕುರ್ಚಿ ಹಾಕಿ ಹತ್ತಿ ತೆಗೆದು ನೋಡಿದ್ದರಂತೆ. ತಂದೆ ಬೈಯಲಿಲ್ಲ; ಇದ್ದ ಕಡೆ ಇಡು ಎಂದಷ್ಟೇ ಹೇಳಿದರು. ಆಮೇಲೆ ಯಾವಾಗಲೋ ಇದರ ಜೊತೆ ಆ ಅಜ್ಜನ ತಮ್ಮ ಬರೆದು ಕಳಿಸಿದ್ದ ಕಾಗದವನ್ನು ಓದಿ ಹೇಳಿದ್ದರು. ಆ ವಾರ ಈ ಪುಟದ ಕಲ್ಲನ್ನು ಉಜ್ಜಿದವನು ಆ ಹುಡುಗನೇ. ಆ ಮುಖಗಳಿಗೆ ಕೆಂಪು ಬಣ್ಣ ಹಚ್ಚಿದವನೂ ಅವನೇ. ಪಕ್ಕದಲ್ಲಿದ್ದ ಜರ್ಮನ್ ಕೆಲಸಗಾರರು ನೋಡಿ ನಗುತ್ತಿದ್ದರು, ತಾನೂ ನಕ್ಕೆ ಎಂದು ಬರೆದಿದ್ದನಂತೆ.

“ಪಾಠ ಮಾಡ್ತಿದ್ದ ಅಷ್ಟೂ ವರ್ಷ ಆ ಏಳು ಚಿತ್ರ ತೋರಿಸ್ದೆ,” ಎಂದರು ಅಜ್ಜಿ. “ಇದೊಂದನ್ನ ತೋರಿಸ್ಲಿಲ್ಲ. ಇದನ್ನ ನೋಡಿದ್ರೆ ನಂಗೆ ಈಗ್ಲೂ ಮೈ ಸುಡತ್ತೆ. ನೀನು ಮೊನ್ನೆ ಬಂದು ಕೂತಾಗ ನಂಗೆ ಸಿಟ್ಟು ಬಂದಿದ್ದು ನಿನ್ನ ಮೇಲಲ್ಲ.”

ನಾನು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಹೇಳದ ಒಂದು ಸಂಗತಿ ನಾನೂ ಹೇಳಿದೆ. ಉಡುಪಿಯ ಕಡೆ ನಮ್ಮ ಚಿಕ್ಕಂದಿನಲ್ಲಿ ಹಬ್ಬದ ದಿನಗಳಲ್ಲಿ ಮೈಗೆಲ್ಲ ಮಸಿ ಬಳಿದುಕೊಂಡು ಕೊರಗರ ವೇಷ ಹಾಕಿ ಕುಣಿಯುವ ಕೆಟ್ಟ ರೂಢಿ ಇತ್ತು. ಕೊರಗರು ಬುಟ್ಟಿ ಹೆಣೆಯುವ, ಊರು ಹತ್ತಿರ ಸೇರಿಸದ ಜನ. ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ನಾವು ನಾಲ್ಕು ಹುಡುಗಿಯರು ಮುಖಕ್ಕೆ ಒಲೆಯ ಮಸಿ ಹಚ್ಚಿ, ತುಟಿಗೆ ಕುಂಕುಮ ಬಳಿದು ಅದೇ ವೇಷ ಹಾಕಿದೆವು. ಜನ ಬಿದ್ದು ಬಿದ್ದು ನಕ್ಕರು. ಬಹುಮಾನಕ್ಕೆ ಸ್ಟೀಲಿನ ಲೋಟ ಸಿಕ್ಕಿತು. ಆ ಜನದ ಒಬ್ಬಳು ಹುಡುಗಿ ನಮ್ಮದೇ ಕ್ಲಾಸಿನಲ್ಲಿದ್ದಳು. ಮುಂದಿನ ಸಾಲಿನಲ್ಲಿ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಮರುದಿನ ನನ್ನ ಹತ್ತಿರ ಮಾತಾಡಲಿಲ್ಲ. ಯಾಕೆಂದು ನನಗೆ ಆಗ ಹೊಳೆಯಲಿಲ್ಲ, ನಾನು ಕೇಳಲೂ ಇಲ್ಲ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ.

ಅಜ್ಜಿ ನನ್ನನ್ನು ಸಮಾಧಾನ ಮಾಡಲಿಲ್ಲ. ಅದು ನನಗೆ ಹಿತವೆನಿಸಿತು. ಅವಳ ಹೆಸರು ನೆನಪಿದೆಯಾ ಎಂದು ಕೇಳಿದರು. ಇದೆ ಎಂದೆ.

ಆಮೇಲೆ ಚಹಾ ಆಯಿತು. ಕಂಬಳಿಯ ಚಿತ್ರವನ್ನು ಏನು ಮಾಡೋಣ, ನೀನೇ ಹೇಳು ಎಂದರು. ಹರಿದು ಬಿಸಾಡುವುದು ಬೇಡ, ಆದರೆ ಮಗು ದಿನಾ ಹತ್ತಿ ಇಳಿಯುವ ಕಡೆ ಅದು ಬೇಡ ಎಂದೆ. ಇಬ್ಬರೂ ಸೇರಿ ಇಳಿಸಿದೆವು. ಹಿಂದೆ ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದದ ಮೇಲೆ ಚೌಕಾಕಾರದ ಗಾಢ ಹಸಿರು ಉಳಿದಿತ್ತು. ಉಳಿದ ಗೋಡೆ ಎಷ್ಟು ಮಾಸಿತ್ತೆಂದು ಆಗಲೇ ಗೊತ್ತಾದದ್ದು.

ಆ ಮಧ್ಯಾಹ್ನ ಮಗಳು ಶಾಲೆಯಿಂದ ಬಂದಾಗ ಅಜ್ಜಿ ಎರಡೂ ಪುಟಗಳನ್ನು ಅಡುಗೆಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದರು. ಯಾವುದು ತಪ್ಪು, ಯಾವುದು ಸರಿ ಎಂದು ಪಾಠ ಹೇಳಲಿಲ್ಲ. ಅಡುಗೆಮನೆಯ ಚಿತ್ರದ ಕೋತಿಯ ಮೇಲೆ ಬೆರಳಿಟ್ಟು, ಇದು ನಾನಂತೆ, ಹೋಲುತ್ತದೆಯಾ ಎಂದು ಕೇಳಿದರು. ಮಗಳು ಚಿತ್ರ ನೋಡಿದಳು, ಅಜ್ಜಿಯನ್ನು ನೋಡಿದಳು. ನಗಬೇಕೋ ಬೇಡವೋ ತಿಳಿಯಲಿಲ್ಲ. ಇಲ್ಲ ಎಂದಳು. ನಂತರ ತಾನಾಗಿಯೇ ಪಕ್ಕದ ಪುಟದತ್ತ ತಿರುಗಿ, ಕಂಬಳಿಯ ಕೆಳಗಿನವನನ್ನು ಬಹಳ ಹೊತ್ತು ದಿಟ್ಟಿಸಿದಳು. ಬರೆದವರು ಅವನನ್ನು ಒಂದು ಸಲವಾದರೂ ನೋಡಿದ್ದರಾ ಎಂದು ಕೇಳಿದಳು. ಬಹುಶಃ ನೋಡಿರಲಿಕ್ಕಿಲ್ಲ ಎಂದರು ಅಜ್ಜಿ. ಅವಳು ಎದ್ದು ಹೋಗಿ ಹಜಾರದ ಕನ್ನಡಿ ತೆಗೆದುಕೊಂಡು ಬಂದು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಳು.

ಹೊಸ ಚಿತ್ರಕ್ಕೆ ಎರಡು ದಿನ ಹಿಡಿಯಿತು. ಅಭ್ಯರ್ಥಿಗಳು ಹಾಗೇ ಉಳಿದರು. ಕಂಬಳಿಯ ಕೆಳಗೆ ಈ ಸಲ ನಾವಿದ್ದೆವು. ನನ್ನ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ. ನಾನು ಯೂನಿಫಾರಂನಲ್ಲೇ ಮಲಗಿದ್ದೆ, ನರ್ಸುಗಳು ಎದೆಗೆ ಸಿಕ್ಕಿಸಿಕೊಳ್ಳುವ ಗಡಿಯಾರ ತೂಗುತ್ತಿತ್ತು, ಹಣೆ ಇರುವುದಕ್ಕಿಂತ ದೊಡ್ಡದಾಗಿತ್ತು. ಅವಳದ್ದೇ ಎರಡು ಜಡೆ, ಬಿದ್ದುಹೋಗಿದ್ದ ಒಂದು ಹಲ್ಲು. ನಮ್ಮ ಬಣ್ಣಕ್ಕೆ ಅವಳು ಮೂರು ಬೇರೆ ಬೇರೆ ಕಂದು ಬಳಸಿದ್ದಳು, ಅಪ್ಪನದು ಸ್ವಲ್ಪ ಹೆಚ್ಚು ಗಾಢ. ಗಂಡ ನೋಡಿ, ಹೊಟ್ಟೆ ಇಷ್ಟು ದಪ್ಪ ಇಲ್ಲ ಎಂದು ತಕರಾರು ತೆಗೆದ. ಇಲ್ಲಿ ಅಧ್ಯಕ್ಷರಿಗೆ ಮನೆ ಕಟ್ಟಿಸುವ ಅಧಿಕಾರವೇ ಇಲ್ಲ, ಅದು ಸರ್ಕಾರದ ಕೆಲಸ ಎಂದು ಅಜ್ಜಿ ಇತಿಹಾಸದ ಟೀಚರಾಗಿ ತಿದ್ದಲು ನೋಡಿದರು. ಆದರೂ ಎಲ್ಲರೂ ಭಾಷಣದಲ್ಲಿ ಅದನ್ನೇ ಹೇಳ್ತಾರಲ್ಲ ಎಂದಳು ಮಗಳು. 

ತರಗತಿಯಲ್ಲಿ ಹುಡುಗರು ಹುಬ್ಬು ನೋಡಿ ನಕ್ಕರಂತೆ. ಟೀಚರು ಕಾಲುಚೀಲ ನೋಡಿ ನಕ್ಕರಂತೆ. ಹೇಗಾಯ್ತು ಎಂದರೆ, “ಗ್ರ್ಯಾಂಡ್” ಎಂದಳು. ಅದು ಇಲ್ಲಿಯವರು ಚೆನ್ನಾಗಿದೆ ಎನ್ನುವುದಕ್ಕೂ ಪರವಾಗಿಲ್ಲ ಎನ್ನುವುದಕ್ಕೂ ಬಳಸುವ ಒಂದೇ ಮಾತು.

ಮತದಾನದ ದಿನ ನಾನೂ ಅಜ್ಜಿಯೂ ಜೊತೆಗೆ ಹೋದೆವು. ಮತಗಟ್ಟೆ ಹತ್ತಿರದ ಶಾಲೆಯಲ್ಲಿತ್ತು. ಊರಿನಲ್ಲಾದರೆ ಪೊಲೀಸರು, ಸಾಲು, ಬೆರಳಿಗೆ ಶಾಯಿ. ಇಲ್ಲಿ ಚಿಕ್ಕ ಮಕ್ಕಳ ಕುರ್ಚಿಗಳನ್ನು ಬದಿಗೆ ಸರಿಸಿದ ಒಂದು ಕೋಣೆ, ಬಾಗಿಲಲ್ಲಿ ಗಾರ್ಡ ಎಂದು ಕರೆಯುವ ಇಲ್ಲಿಯ ಒಬ್ಬನೇ ಪೊಲೀಸು, ದಾರಕ್ಕೆ ಕಟ್ಟಿದ ಪೆನ್ಸಿಲು. ಗುರುತು ಒತ್ತುವುದಲ್ಲ, ಹೆಸರುಗಳ ಮುಂದೆ ಒಂದು, ಎರಡು ಎಂದು ನಮ್ಮ ಆಯ್ಕೆಯ ಕ್ರಮ ಬರೆಯಬೇಕು. ಮತಪತ್ರದಲ್ಲಿ ಅಭ್ಯರ್ಥಿಗಳ ಫೋಟೋ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಡಿಕೆ ಬಿಚ್ಚಿದರೆ ಎದುರಿಗೆ ಆ ಹುಬ್ಬು, ಕೆಳಗೆ ಆ ಗಲ್ಲ. ಮರೆಯ ಹಿಂದೆ ಒಬ್ಬಳೇ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕೆ. ಪಕ್ಕದ ಮರೆಯಿಂದ ಅಜ್ಜಿ ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮಲ್ಲ ಎಂದು ನನ್ನ ಅನುಮಾನ. ಯಾರಿಗೆ ಹಾಕಿದೆ ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅಜ್ಜಿ ಎಂಟೂ ಪುಟಗಳನ್ನು ಡನ್ ಲಿಯರಿಯ ಗ್ರಂಥಾಲಯಕ್ಕೆ ಕೊಡುವ ಮನಸ್ಸು ಮಾಡಿದರು. ಕೊಡುವ ಮುಂಚೆ ಅಲ್ಲೊಂದು ಸಂಜೆ ಅವುಗಳ ಬಗ್ಗೆ ಮಾತಾಡಬೇಕೆಂದು ಗ್ರಂಥಾಲಯದವರು ಅವರನ್ನು ಕೇಳಿಕೊಂಡರು. ಅವರು ಒಪ್ಪಿ, ಕಂಬಳಿಯ ಚಿತ್ರದ ಬಗ್ಗೆ ನೀನು ಹೇಳಬೇಕು ಎಂದು ನನ್ನ ಹಿಂದೆ ಬಿದ್ದರು. ನಾನು ಜನರ ಮುಂದೆ ಮಾತಾಡಿದವಳಲ್ಲ. ಶಿಫ್ಟ್ ಬದಲಾಯಿಸಿಕೊಂಡು ಹೋದೆ. ಇಪ್ಪತ್ತು ಜನ ಇದ್ದಿರಬಹುದು, ಹೆಚ್ಚಿನವರು ವಯಸ್ಸಾದವರು. ಅಜ್ಜಿ ಮೊದಲ ಆರರ ಬಗ್ಗೆ ಹೇಳಿದರು, ಜನ ನಕ್ಕರು. ಎಂಟನೆಯದನ್ನು ಎತ್ತಿ ತೋರಿಸಿದಾಗ ಯಾರೂ ನಗಲಿಲ್ಲ. ಅದನ್ನು ಕೆಳಗಿಟ್ಟು, ಕಂಬಳಿಯದನ್ನು ಅದರ ಪಕ್ಕ ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದರು.

ನಾನು ನಾಲ್ಕೈದು ನಿಮಿಷ ಮಾತಾಡಿದ್ದಿರಬೇಕು. ನನ್ನ ಮಗಳು ಬರೆದದ್ದನ್ನು ಹೇಳಿದೆ. ಮಸಿ ಹಚ್ಚಿದ ನನ್ನ ಮುಖದ ಬಗ್ಗೆ ಹೇಳಿದೆ, ಆ ಹುಡುಗಿಯ ಬಗ್ಗೆ ಹೇಳಿದೆ.  ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ಎದ್ದು, ತಾನು ಹುಡುಗನಾಗಿದ್ದಾಗ ಲಂಡನ್ನಿನಲ್ಲಿ ಕಟ್ಟಡದ ಕೆಲಸಕ್ಕಿದ್ದೆ, ಐರಿಷರಿಗೆ ರೂಮಿಲ್ಲ ಎಂಬ ಬೋರ್ಡು ನೋಡಿಕೊಂಡೇ ಬೆಳೆದೆ ಎಂದರು. ಹಾಗೆ ಬೆಳೆದವನು ನಾಲ್ಕು ವರ್ಷದ ಹಿಂದೆ ನನ್ನ ಮನೆ ಬಾಡಿಗೆಗೆ ಕೊಡುವಾಗ ಏಜೆಂಟನಿಗೆ ಏನು ಹೇಳಿದ್ದೆ ಎಂದು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ ಎಂದು ಕೂತರು. ಬೇರೊಬ್ಬ ಹೆಂಗಸಿಗೆ ಸಿಟ್ಟು ಬಂದಿತ್ತು. ಹಳೆಯ ಚಿತ್ರಗಳನ್ನು ಈಗಿನ ಕಣ್ಣಿನಿಂದ ನೋಡುವುದು ಸರಿಯಲ್ಲ ಎಂದು ಹೇಳಿ ಮಧ್ಯದಲ್ಲೇ ಎದ್ದು ಹೋದರು. ಅವರನ್ನು ತಡೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಮನೆಗೆ ಹೋಗುವಾಗ ಅಜ್ಜಿ ನನ್ನ ತೋಳು ಹಿಡಿದುಕೊಂಡು ನಡೆದರು. ಅಷ್ಟು ಸುಸ್ತಾಗಿದ್ದನ್ನು ನಾನು ಅವರಲ್ಲಿ ನೋಡಿರಲಿಲ್ಲ. ದಾರಿಯಲ್ಲಿ ಒಂದು ಬೆಂಚಿನ ಮೇಲೆ ಕೂತೆವು.

“ನೀನು ಹೇಳ್ದೇ ಹೋಗಿದ್ರೆ ನಾನು ಹಂಗೇ ಸತ್ತು ಹೋಗ್ತಿದ್ದೆ, ಆ ಫೋಲ್ಡರ್ ಬೀರು ಮೇಲೇ ಇರ್ತಿತ್ತು,” ಎಂದರು.

ಎರಡು ವರ್ಷ ತಡ ಮಾಡಿದೆ ಎಂದೆ. ನಾನು ಎಪ್ಪತ್ತು ವರ್ಷ ತಡ ಮಾಡಿದ್ದೇನೆ, ಬಿಡು ಎಂದರು.

ಮುಂದಿನ ಬೇಸಿಗೆಗೆ ಗಂಡನಿಗೆ ದೇಶದ ದಕ್ಷಿಣದ ನಗರವಾದ ಕಾರ್ಕಿನ ಲಿಟಲ್ ಐಲ್ಯಾಂಡಿನಲ್ಲಿ ಕೆಲಸ ಸಿಕ್ಕಿತು, ನಾವು ಆ ಕಡೆ ಹೋದೆವು. ಮಗಳು ಈಗ ಚಿತ್ರ ಬಿಟ್ಟು ಕೋಲು ಹಿಡಿದು ಚೆಂಡು ಹೊಡೆಯುವ ಇಲ್ಲಿಯ ಹುಡುಗಿಯರ ಆಟ ಹಿಡಿದಿದ್ದಾಳೆ. ವಾರದಲ್ಲಿ ಮೂರು ದಿನ ಮಂಡಿ ತರಚಿಕೊಂಡು ಬರುತ್ತಾಳೆ. ಊರಿನಲ್ಲಿ ತಮ್ಮನಿಗೆ ಹೇಳಿ ಆ ನನ್ನ ಸಹಪಾಠಿ ಎಲ್ಲಿದ್ದಾಳೆಂದು ವಿಚಾರಿಸಲು ಶುರು ಮಾಡಿದ್ದೇನೆ. ಅವಳು ಕುಂದಾಪುರದ ಕಡೆ ಮದುವೆಯಾಗಿ ಹೋದಳು ಎಂದಷ್ಟೇ ಇದುವರೆಗೆ ತಿಳಿದದ್ದು. ಸಿಕ್ಕರೆ ಏನು ಹೇಳುತ್ತೇನೋ ಗೊತ್ತಿಲ್ಲ. ಅಜ್ಜಿ ಪ್ರತಿ ಭಾನುವಾರ ಫೋನು ಮಾಡಿ ಮೊದಲು ಅದನ್ನೇ ಕೇಳುತ್ತಾರೆ.